ದೊಡ್ಡ ಆಪರೇಶನ್‌ಗೆ ಮೊದಲಿನ ನಾಲ್ಕು ವಾರ: ದೇಹ, ಮನಸ್ಸು, ಮನೆ ಸಜ್ಜು ಮಾಡಿಕೊಳ್ಳುವ ಬಗೆ

ಆಪರೇಶನ್‌ಗೆ ತಾರೀಖು ಗೊತ್ತಾದ ಕೂಡಲೇ ಮನೆಯಲ್ಲಿ ಎರಡು ಕೆಲಸ ಶುರುವಾಗುತ್ತವೆ. ಒಂದು ದುಡ್ಡು ಹೊಂದಿಸುವುದು, ಇನ್ನೊಂದು ಹೊಲ, ಮನೆ, ದನ ಯಾರ ಪಾಲಿಗೆ ಎಂದು ಗೊತ್ತುಮಾಡುವುದು. ರೋಗಿಗೆ ಮಾತ್ರ ಯಾರೂ ಕೆಲಸ ಹೇಳುವುದಿಲ್ಲ. "ನೀವು ಸುಮ್ಮನ ಮಲಕೋರಿ, ದಣಿಬ್ಯಾಡ್ರಿ" ಎಂದು ಮಂಚಕ್ಕೆ ಕಳಿಸಿಬಿಡುತ್ತಾರೆ. ಪ್ರೀತಿಯಿಂದ ಹೇಳಿದ ಈ ಮಾತು ರೋಗಿಗೆ ದುಬಾರಿಯಾಗುತ್ತದೆ. ವಯಸ್ಸಾದವರು ಹತ್ತು ದಿನ ಹಾಸಿಗೆಯಲ್ಲೇ ಕಳೆದರೆ ಕಾಲುಗಳ ಸ್ನಾಯುವೇ ಸುಮಾರು 1 ಕಿಲೋ ಕರಗಬಹುದು. ಆಪರೇಶನ್ ಆದ ಮೇಲೆ ಹೇಗೂ ಸ್ನಾಯು ಕರಗುತ್ತದೆ, ಏಕೆಂದರೆ ಗಾಯ ಮಾಯಲು ಬೇಕಾದ ಪ್ರೋಟೀನನ್ನು ದೇಹ ತನ್ನ ಸ್ನಾಯುಗಳನ್ನು ಒಡೆದೇ ತಂದುಕೊಳ್ಳುತ್ತದೆ. ಮೊದಲೇ ಮಲಗಿಬಿಟ್ಟವರದು ಕಣಜ ಖಾಲಿ ಮಾಡಿಕೊಂಡು ಬರಗಾಲಕ್ಕೆ ಕಾದಂಥ ಸ್ಥಿತಿ.

ಮೊಣಕಾಲು ಅಥವಾ ಸೊಂಟದ ಕೀಲು ಬದಲಾವಣೆ, ಹೃದಯದ ಬೈಪಾಸ್, ಗರ್ಭಕೋಶ, ಕರುಳು, ಕಿಡ್ನಿ, ಬೆನ್ನುಮೂಳೆ ಇಂಥ ಮುಂಚಿತವಾಗಿ ಗೊತ್ತಾದ ಆಪರೇಶನ್ನುಗಳಿಗೆ ಈ ಲೇಖನ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮಾಡಿಸಿಕೊಳ್ಳುವವರಿಗೂ ಮೀರಜ್, ಸೊಲ್ಲಾಪುರ, ಹುಬ್ಬಳ್ಳಿಗೆ ಹೋಗುವವರಿಗೂ ತಯಾರಿ ಒಂದೇ. ನಾಲ್ಕು ವಾರ ಸಿಕ್ಕರೆ ಒಳ್ಳೆಯದು. ಎರಡೇ ವಾರ ಇದ್ದರೂ ಲಾಭವಿದೆ. ಕ್ಯಾನ್ಸರ್ ಗಡ್ಡೆಯ ಆಪರೇಶನ್ ಆಗಿದ್ದರೆ "ಇನ್ನೂ ಸ್ವಲ್ಪ ಗಟ್ಟಿಯಾಗಲಿ" ಎಂದು ನೀವಾಗಿ ತಾರೀಖು ಮುಂದೂಡಬೇಡಿ. ಸಿಕ್ಕಷ್ಟು ದಿನದಲ್ಲೇ ಮಾಡಿ.

ಮೊದಲ ವಾರ: ಫಿಟ್‌ನೆಸ್ ಪರೀಕ್ಷೆ ಕೊನೆಗೆ ಉಳಿಸಬೇಡಿ

ಅರವಳಿಕೆ (ಅನಸ್ತೇಸಿಯಾ) ಕೊಡುವ ಡಾಕ್ಟರ ತಪಾಸಣೆಗೆ ನಮ್ಮಲ್ಲಿ "ಫಿಟ್‌ನೆಸ್ ತರುವುದು" ಎನ್ನುತ್ತಾರೆ, ಒಂದು ಕಾಗದ ತಂದರೆ ಮುಗಿಯಿತು ಎನ್ನುವ ಹಾಗೆ. ಬಹಳ ಜನ ಇದನ್ನು ಆಪರೇಶನ್ ಹಿಂದಿನ ದಿನ ಮಾಡಿಸುತ್ತಾರೆ. ಆಗ ಹಿಮೋಗ್ಲೋಬಿನ್ 8 ಇದೆ, ಶುಗರ್ 300 ಇದೆ ಎಂದು ಗೊತ್ತಾಗುತ್ತದೆ. ಆಪರೇಶನ್ ಮುಂದಕ್ಕೆ ಹೋಗುತ್ತದೆ, ಇಲ್ಲವೇ ರಕ್ತ ಏರಿಸಿ ಮಾಡಬೇಕಾಗುತ್ತದೆ. ತಾರೀಖು ಗೊತ್ತಾದ ವಾರದಲ್ಲೇ ಈ ತಪಾಸಣೆ ಆಗಲಿ ಎಂದು ಸರ್ಜನ್‌ರನ್ನು ಕೇಳಿ.

ಹಿಮೋಗ್ಲೋಬಿನ್ ಗಂಡಸರಿಗೆ 13, ಹೆಂಗಸರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ರಕ್ತ ಹೆಚ್ಚು ಹೋಗುವ ದೊಡ್ಡ ಆಪರೇಶನ್‌ಗೆ ಹೆಂಗಸರಿಗೂ 13ರ ಹತ್ತಿರ ಇದ್ದರೆ ಮೇಲು. ಮುಟ್ಟಿನಲ್ಲಿ ವಿಪರೀತ ರಕ್ತ ಹೋಗಿ ಗರ್ಭಕೋಶದ ಆಪರೇಶನ್‌ಗೆ ಬಂದವರಲ್ಲಿ ಕೊರತೆ ಇದ್ದೇ ಇರುತ್ತದೆ ಎಂದುಕೊಂಡೇ ಹೊರಡಿ. ಕಬ್ಬಿಣಾಂಶದ ಮಾತ್ರೆ ಕೆಲಸ ಮಾಡಲು ಸಮಯ ಬೇಕು. ಸರಿಯಾಗಿ ತೆಗೆದುಕೊಂಡರೆ ನಾಲ್ಕು ವಾರದಲ್ಲಿ 1ರಿಂದ 2 ಗ್ರಾಂ ಏರುತ್ತದೆ. ಊಟಕ್ಕೆ ಒಂದು ತಾಸು ಮೊದಲು, ನಿಂಬೆಹಣ್ಣಿನ ಪಾನಕದ ಜೊತೆ ನುಂಗಿ. ಮಾತ್ರೆಯ ಹಿಂದೆ ಮುಂದೆ ಎರಡು ತಾಸು ಚಹಾ, ಹಾಲು, ಕ್ಯಾಲ್ಸಿಯಂ ಮಾತ್ರೆ ಬೇಡ, ಇವು ಕಬ್ಬಿಣವನ್ನು ಹೀರಿಕೊಳ್ಳಲು ಬಿಡುವುದಿಲ್ಲ. ಮಲ ಕಪ್ಪಾಗುವುದು ಸಹಜ, ಅದಕ್ಕೆ ಹೆದರಿ ನಿಲ್ಲಿಸಬೇಡಿ. ಹೊಟ್ಟೆ ಹಿಡಿದುಕೊಂಡರೆ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ಕೇಳಿ, ಬಹಳ ಜನರಿಗೆ ಅದೇ ಸಾಕಾಗುತ್ತದೆ. ದಿನ ಕಡಿಮೆಯಿದ್ದರೆ ಸಲಾಯಿನ್ ಮೂಲಕ ಕಬ್ಬಿಣ ಕೊಡುವ ದಾರಿಯೂ ಇದೆ.

ಶುಗರ್ ಇರುವವರು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾಡಿಸಿ. ಅದು 8ರ ಒಳಗಿದ್ದರೆ ನೆಮ್ಮದಿ, 8.5 ದಾಟಿದ್ದರೆ ಗಾಯದ ಸೋಂಕಿನ ಭಯ ಹೆಚ್ಚು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಹೆಸರಿನ ಮಾತ್ರೆಗಳನ್ನು ಆಪರೇಶನ್‌ಗೆ ಕನಿಷ್ಠ ಮೂರು ದಿನ ಮೊದಲು ನಿಲ್ಲಿಸಬೇಕಾಗುತ್ತದೆ. ಅವನ್ನು ಮುಂದುವರಿಸಿ ಉಪವಾಸ ಮಾಡಿದರೆ ಶುಗರ್ ಹೆಚ್ಚೇನೂ ಕಾಣಿಸದೆಯೇ ರಕ್ತದಲ್ಲಿ ಆಮ್ಲ ಏರುವ ಅಪಾಯವಿದೆ. ತೂಕ ಇಳಿಸುವ ವಾರದ ಇಂಜೆಕ್ಷನ್, ಅಂದರೆ ಸೆಮಾಗ್ಲುಟೈಡ್ ಥರದ್ದು, ತೆಗೆದುಕೊಳ್ಳುತ್ತಿದ್ದರೆ ಅರವಳಿಕೆ ಡಾಕ್ಟರಿಗೆ ತಪ್ಪದೆ ಹೇಳಿ. ಹೊಟ್ಟೆ ಖಾಲಿಯಾಗುವುದನ್ನು ಅದು ತಡಮಾಡುತ್ತದೆ. ಇನ್ಸುಲಿನ್ ಇದ್ದರೆ ಆಪರೇಶನ್ ದಿನ ಎಷ್ಟು ಎಂಬುದನ್ನು ಬರೆಸಿಕೊಳ್ಳಿ. ಬಾಯಿಮಾತು ಸಾಲದು.

ಮನೆಯಲ್ಲಿರುವ ಎಲ್ಲ ಔಷಧ ಒಂದು ಚೀಲದಲ್ಲಿ ತುಂಬಿ ಒಯ್ಯಿರಿ. ಚೀಟಿ ಬೇಡ, ಮಾತ್ರೆಯ ಪಟ್ಟಿಗಳೇ ಬರಲಿ. ಸೊಂಟ ನೋವಿಗೆಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಗುಳಿಗೆ, ಊರ ವೈದ್ಯರ ಚೂರ್ಣ, ಬೆಳ್ಳುಳ್ಳಿಯ ಕ್ಯಾಪ್ಸೂಲ್ ಎಲ್ಲವೂ. ಹೆಸರಿಲ್ಲದ ಪುಡಿಗಳಲ್ಲಿ ಒಮ್ಮೊಮ್ಮೆ ಸ್ಟೆರಾಯ್ಡ್ ಬೆರೆತಿರುತ್ತದೆ. ವರ್ಷಗಟ್ಟಲೆ ತಿಂದವರು ದಿಢೀರನೆ ಬಿಟ್ಟು ಆಪರೇಶನ್‌ಗೆ ಹೋದರೆ ಬಿಪಿ ಕುಸಿಯಬಹುದು. ನಾಚಿಕೆ ಬಿಟ್ಟು ತೋರಿಸಿ.

ರಕ್ತ ತೆಳುವಾಗುವ ಮಾತ್ರೆಗಳ ವಿಷಯದಲ್ಲಿ ಎರಡು ಥರದ ತಪ್ಪಾಗುತ್ತದೆ. ಹೇಳದೆ ಮುಂದುವರಿಸಿ ರಕ್ತಸ್ರಾವ ಆಗುವುದು ಒಂದು. ಪಕ್ಕದವರ ಮಾತು ಕೇಳಿ ತಾವೇ ನಿಲ್ಲಿಸಿ, ಹೃದಯದ ರಕ್ತನಾಳದಲ್ಲಿಟ್ಟ ಸ್ಟೆಂಟ್ (ಜಾಲರಿ ಕೊಳವೆ) ಮುಚ್ಚಿಕೊಂಡು ಹೃದಯಾಘಾತವಾಗುವುದು ಇನ್ನೊಂದು. ವಾರ್ಫರಿನ್ ಸಾಮಾನ್ಯವಾಗಿ 5 ದಿನ, ಕ್ಲೋಪಿಡೋಗ್ರೆಲ್ 5ರಿಂದ 7 ದಿನ ಮೊದಲು ನಿಲ್ಲುತ್ತವೆ. ಆಸ್ಪಿರಿನ್ ಎಷ್ಟೋ ಸಲ ಮುಂದುವರಿಯುತ್ತದೆ. ಆದರೆ ನಿಮಗೆ ಯಾವುದು ಎಂದು ಹೃದಯದ ಡಾಕ್ಟರ್ ಮತ್ತು ಸರ್ಜನ್ ಇಬ್ಬರೂ ಸೇರಿ ಹೇಳಬೇಕು. ಬಿಪಿಯ ಮಾತ್ರೆಗಳಲ್ಲಿ ಟೆಲ್ಮಿಸಾರ್ಟನ್ ಥರದವನ್ನು ಆ ದಿನ ಬಿಡಿಸುವುದುಂಟು. ಮೆಟೊಪ್ರೊಲಾಲ್, ಅಟೆನೊಲಾಲ್ ಥರದವನ್ನು ಒಮ್ಮೆಲೇ ನಿಲ್ಲಿಸಬಾರದು. ಥೈರಾಯ್ಡ್ ಮಾತ್ರೆ ಆ ದಿನವೂ ಇರುತ್ತದೆ.

ಹಲ್ಲಿನ ಡಾಕ್ಟರಿಗೂ ಒಮ್ಮೆ ತೋರಿಸಿ, ಕೀಲು ಬದಲಾವಣೆ ಮತ್ತು ಹೃದಯದ ಕವಾಟದ ಆಪರೇಶನ್ ಆಗಬೇಕಾದವರಂತೂ ಕಡ್ಡಾಯವಾಗಿ. ಹುಳುಕು ಹಲ್ಲಿನ ಸೋಂಕು ರಕ್ತದ ಮೂಲಕ ಹೊಸ ಕೀಲಿಗೆ, ಕವಾಟಕ್ಕೆ ಹೋಗಿ ಕೂರಬಲ್ಲದು. ಅಲುಗಾಡುವ ಹಲ್ಲಿದ್ದರೆ ಅರವಳಿಕೆ ಡಾಕ್ಟರಿಗೆ ಹೇಳಿ.

ಕಾಗದಪತ್ರವೂ ಇದೇ ವಾರ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಅಲ್ಲದ ಆಪರೇಶನ್‌ಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುತ್ತದೆ. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಕಾರ್ಡನ್ನೂ ನೋಡಿ. ಅಡ್ಮಿಟ್ ಆದ ಮೇಲೆ ಇದಕ್ಕಾಗಿ ಓಡಾಡಿದರೆ ರೋಗಿಯ ಹತ್ತಿರ ಇರಬೇಕಾದವರೇ ಕೌಂಟರ್ ಮುಂದೆ ನಿಂತಿರುತ್ತಾರೆ.

ತಂಬಾಕು, ಸಾರಾಯಿ

ನಿಪ್ಪಾಣಿಯ ಕಡೆ ತಂಬಾಕು ಹೊಲದ ಬೆಳೆ, ಬೀಡಿ ಕಟ್ಟುವುದು ಮನೆಗೆಲಸ. ಉಳಿದ ಕಡೆಯೂ ಸುಣ್ಣದ ಜೊತೆ ತಿಕ್ಕಿ ತುಟಿಯಲ್ಲಿಡುವುದು, ಗುಟಕಾ, ಹೆಂಗಸರು ಹಲ್ಲಿಗೆ ಹಚ್ಚುವ ಮಿಶ್ರಿ ಇವನ್ನು ಚಟವೆಂದು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಡಾಕ್ಟರ್ "ಸಿಗರೇಟ್ ಸೇದುತ್ತೀರಾ" ಎಂದು ಕೇಳಿದಾಗ ಇಲ್ಲ ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. ಆದ್ದರಿಂದ ಕೇಳದಿದ್ದರೂ ನೀವೇ ಹೇಳಬೇಕು.

ಬೀಡಿ ಹೊಗೆಯ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಸೇದುವುದು ಬಿಟ್ಟ ಒಂದೇ ದಿನದಲ್ಲಿ ಅದು ಬಹುಪಾಲು ಹೊರಹೋಗುತ್ತದೆ. ಹಾಗಾಗಿ ಕೊನೆಯ ದಿನ ಬಿಟ್ಟರೂ ಲಾಭವುಂಟು. ಶ್ವಾಸಕೋಶದ ಕಫ ತೆರವಾಗಲು, ಗಾಯ ಮಾಯುವ ಶಕ್ತಿ ಮರಳಲು ಕನಿಷ್ಠ 4 ವಾರ ಬೇಕು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಹೊಲಿಗೆಯ ಅಂಚಿಗೆ ರಕ್ತ ಸಾಲದೆ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಅಗಿಯುವ ತಂಬಾಕಿನಲ್ಲೂ ಇದೇ ನಿಕೋಟಿನ್ ಇದೆ.

ಗುಟಕಾ, ಅಡಕೆ ತಿನ್ನುವವರಿಗೆ ಇನ್ನೊಂದು ತೊಂದರೆ. ಒಳಗೆನ್ನೆ ಬಿಗಿದು ಬಾಯಿ ತೆರೆಯುವುದೇ ಕಡಿಮೆಯಾಗಿರುತ್ತದೆ. ಕನ್ನಡಿಯ ಮುಂದೆ ನಿಂತು ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಸೇರಿಸಿ ಮುಂಭಾಗದ ಮೇಲಿನ ಮತ್ತು ಕೆಳಗಿನ ಹಲ್ಲಿನ ನಡುವೆ ಇಟ್ಟು ನೋಡಿ. ಹಿಡಿಸದಿದ್ದರೆ ಉಸಿರಾಟದ ನಳಿಕೆ ಹಾಕುವುದು ಕಷ್ಟವಾಗಬಹುದು. ಮೊದಲೇ ಗೊತ್ತಿದ್ದರೆ ಅರವಳಿಕೆ ಡಾಕ್ಟರ್ ಬೇರೆ ಸಲಕರಣೆ ಸಿದ್ಧ ಇಟ್ಟುಕೊಳ್ಳುತ್ತಾರೆ. ಬಿಡಲು ನೆರವು ಬೇಕಾದವರಿಗೆ ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356 ಇದೆ, ಕರೆ ಉಚಿತ.

ದಿನಾ ಕುಡಿಯುವವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ನಾಲ್ಕು ವಾರ ಮೊದಲೇ ಬಿಡುವುದು ಒಳ್ಳೆಯದು, ಆದರೆ ಬಹಳ ಕುಡಿಯುವವರು ಮನೆಯಲ್ಲಿ ಒಮ್ಮೆಗೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಕೈನಡುಕ, ಭ್ರಮೆ, ಫಿಟ್ಸ್ ಬರಬಹುದು. ಡಾಕ್ಟರ ಮಾತ್ರೆಯ ಆಸರೆಯಲ್ಲಿ ಬಿಡಿ. ಮನೆಯವರೂ ಮುಚ್ಚಿಡಬಾರದು. ಆಪರೇಶನ್ ಆದ ಮೂರನೇ ದಿನ ರೋಗಿ ಸಲಾಯಿನ್ ಕಿತ್ತುಕೊಂಡು ಎದ್ದಾಗ ಕಾರಣ ಹುಡುಕುತ್ತ ಕೂರುವಂತಾಗಬಾರದು.

ಊಟ: ರೊಟ್ಟಿ ಉಂಟು, ಅದರ ಜೊತೆ ಏನು?

ಗಾಯ ಮಾಯಲು ಪ್ರೋಟೀನ್ ಬೇಕು. ದೊಡ್ಡ ಆಪರೇಶನ್‌ಗೆ ಹೋಗುವವರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ. 60 ಕಿಲೋ ತೂಗುವವರಿಗೆ 72ರಿಂದ 90 ಗ್ರಾಂ. (ಕಿಡ್ನಿ ತೊಂದರೆ ಇರುವವರು ತಮ್ಮ ಡಾಕ್ಟರ್ ಹೇಳಿದಷ್ಟೇ.) ನಮ್ಮ ಊಟದಲ್ಲಿ ಇದನ್ನು ಮುಟ್ಟಬಹುದು, ಆದರೆ ಎರಡು ರೊಟ್ಟಿ, ನೀರು ನೀರಾದ ಸಾರು, ಖಾರದ ಚಟ್ನಿಯಿಂದ ಆಗುವುದಿಲ್ಲ.

ಶುದ್ಧ ಸಸ್ಯಾಹಾರಿಗಳ ಒಂದು ದಿನದ ಲೆಕ್ಕ ಹೀಗೆ. ಬೆಳಿಗ್ಗೆ 30 ಗ್ರಾಂ ಹೆಸರು ಅಥವಾ ಮಡಕಿ ಕಾಳು ಮೊಳಕೆ ಬರಿಸಿದ್ದು, ಒಂದು ಲೋಟ ಹಾಲು: 13 ಗ್ರಾಂ. ಮಧ್ಯಾಹ್ನ ಎರಡು ಜೋಳದ ರೊಟ್ಟಿ, 40 ಗ್ರಾಂ ತೊಗರಿ ಬೇಳೆಯ ಗಟ್ಟಿ ಬೇಳೆ, ಒಂದು ಬಟ್ಟಲು ಮೊಸರು: 26 ಗ್ರಾಂ. ಸಂಜೆ ಒಂದು ಮುಷ್ಟಿ ಹುರಿದ ಶೇಂಗಾ: 7 ಗ್ರಾಂ. ರಾತ್ರಿ ಎರಡು ರೊಟ್ಟಿ, 40 ಗ್ರಾಂ ಕಡಲೆ ಹಿಟ್ಟಿನ ಜುಣಕ, ಮಲಗುವಾಗ ಒಂದು ಲೋಟ ಹಾಲು: 26 ಗ್ರಾಂ. ಒಟ್ಟು 72. ತತ್ತಿ ತಿನ್ನುವವರಿಗೆ ಒಂದೊಂದು ತತ್ತಿಗೆ 6 ಗ್ರಾಂ ಸೇರುತ್ತದೆ. ಶುಗರ್ ಇರುವವರು ಹಾಲಿಗೆ ಸಕ್ಕರೆ, ಬೆಲ್ಲ ಹಾಕಬಾರದು, ರೊಟ್ಟಿ ಹೆಚ್ಚಿಸುವ ಬದಲು ಕಾಳು ಹೆಚ್ಚಿಸಬೇಕು.

ದಪ್ಪ ಇದ್ದೇವೆಂದು ಕೊನೆಯ ಎರಡು ವಾರ ಊಟ ಬಿಟ್ಟು ತೂಕ ಇಳಿಸಲು ಹೋಗಬೇಡಿ. ಆಗ ಇಳಿಯುವುದರಲ್ಲಿ ಸ್ನಾಯುವಿನ ಪಾಲು ಹೆಚ್ಚು. ಹರಕೆಯ ಉಪವಾಸ, ವಾರದ ಒಪ್ಪತ್ತು ಈ ತಿಂಗಳು ಬೇಡ. ದೇವರಿಗೆ ಹರಕೆ ಆಮೇಲೂ ಸಲ್ಲಿಸಬಹುದು.

ಈಗಲೇ ಮನೆಯ ಹಿರಿಯರ ಜೊತೆ ಮಾತಾಡಿ ತೀರ್ಮಾನಿಸಬೇಕಾದ ಸಂಗತಿಯೊಂದಿದೆ: ನಂಜು. ಆಪರೇಶನ್ ಆದವರಿಗೆ ಬೇಳೆ ಕೊಟ್ಟರೆ ಕೀವು ಆಗುತ್ತದೆ, ಬದನೆಕಾಯಿ ನಂಜು, ಮೊಸರು ಶೀತ, ನೀರು ಹೆಚ್ಚು ಕುಡಿದರೆ ಹೊಲಿಗೆ ಹಸಿಯಾಗುತ್ತದೆ ಎಂದು ಒಂದೊಂದನ್ನೇ ತೆಗೆಯುತ್ತ ಹೋಗಿ ಕೊನೆಗೆ ತಟ್ಟೆಯಲ್ಲಿ ಉಳಿಯುವುದು ಅನ್ನ, ಬಿಳಿ ರೊಟ್ಟಿ, ಕಾಳುಮೆಣಸಿನ ಸಾರು. ಗಾಯಕ್ಕೆ ಪ್ರೋಟೀನ್ ಅತಿ ಹೆಚ್ಚು ಬೇಕಾದ ವಾರಗಳಲ್ಲೇ ಅದು ಸಿಗದಂತಾಗುತ್ತದೆ. ಬೇಳೆಯಿಂದ ಕೀವು ಆಗುವುದಿಲ್ಲ, ಕೀವು ಆಗುವುದು ಸೋಂಕಿನಿಂದ. ಅತ್ತೆಯವರ ಜೊತೆ ಸೊಸೆ ವಾದ ಮಾಡಿ ಇದನ್ನು ಗೆಲ್ಲಲಾಗದು. ಫಿಟ್‌ನೆಸ್‌ಗೆ ಹೋಗುವಾಗ ಅಡುಗೆ ಮನೆಯಲ್ಲಿ ಯಾರ ಮಾತು ನಡೆಯುತ್ತದೆಯೋ ಅವರನ್ನೇ ಕರೆದೊಯ್ದು, ಡಾಕ್ಟರ ಬಾಯಿಂದಲೇ ಕೇಳಿಸಿ: "ಸಾಹೇಬ್ರ, ಬ್ಯಾಳಿ, ಮೊಸರು, ತತ್ತಿ ಎಂದಿನಿಂದ ಕೊಡಬಹುದ್ರಿ?"

ನಡಿಗೆ, ಕಾಲಿನ ಬಲ, ಉಸಿರು

ಮೊದಲು ನಿಮ್ಮ ಅಳತೆ ತಿಳಿದುಕೊಳ್ಳಿ. ಎರಡು ಅಂತಸ್ತಿನ ಮೆಟ್ಟಿಲನ್ನು ನಡುವೆ ನಿಲ್ಲದೆ ಹತ್ತಬಲ್ಲಿರಾ? ಹತ್ತಿದರೆ ಹೃದಯ, ಶ್ವಾಸಕೋಶಕ್ಕೆ ಒಂದು ಮಟ್ಟದ ಕಸುವು ಇದೆ ಎಂದರ್ಥ. ಇನ್ನೊಂದು ಪರೀಕ್ಷೆ: ಕೈಗಳನ್ನು ಎದೆಗೆ ಕಟ್ಟಿ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ಎಂದು ಎಣಿಸಿ, ಕ್ಯಾಲೆಂಡರಿನ ಮೇಲೆ ಬರೆದಿಡಿ. ವಾರಕ್ಕೊಮ್ಮೆ ಎಣಿಸಿದರೆ ಏರಿಕೆ ಕಣ್ಣಿಗೆ ಕಾಣುತ್ತದೆ.

ಎದೆನೋವು, ಕೂತಲ್ಲೇ ಏದುಸಿರು, ತಲೆಸುತ್ತಿ ಬಿದ್ದ ಇತಿಹಾಸ, ಹೃದಯದ ಕವಾಟ ಕಿರಿದಾಗಿರುವುದು ಇದ್ದರೆ ಡಾಕ್ಟರ್ ಒಪ್ಪಿಗೆ ಇಲ್ಲದೆ ಮೆಟ್ಟಿಲ ಪರೀಕ್ಷೆಯನ್ನೂ ಮುಂದಿನ ವ್ಯಾಯಾಮವನ್ನೂ ಮಾಡಬೇಡಿ.

ನಡಿಗೆ ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ. ಒಂದೇ ಸಲ ಆಗದಿದ್ದರೆ ಹತ್ತತ್ತು ನಿಮಿಷ ಮೂರು ಸಲ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಸರಿಯಾದ ವೇಗ. ಬೆಳಗಾವಿಯಲ್ಲಿ ಕೋಟೆ ಕೆರೆಯ ದಂಡೆ, ಬಾಗಲಕೋಟೆಯಲ್ಲಿ ನವನಗರದ ಅಗಲ ರಸ್ತೆಗಳು, ವಿಜಯಪುರದಲ್ಲಿ ಗೋಲಗುಮ್ಮಟದ ಉದ್ಯಾನ ಸಮತಟ್ಟಾಗಿವೆ. ಗುಮ್ಮಟದ ಇಕ್ಕಟ್ಟಾದ ಮೆಟ್ಟಿಲುಗಳ ಗೊಡವೆ ಬೇಡ. ಮಾರ್ಚ್‌ನಿಂದ ಮೇವರೆಗೆ ಬಾಗಲಕೋಟೆ, ವಿಜಯಪುರದ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಬೆಳಿಗ್ಗೆ ಏಳರೊಳಗೆ ಮುಗಿಸಿ. ಮೊಣಕಾಲು ಸವೆದು ನಡೆಯಲಾಗದವರು ಕುರ್ಚಿಯ ಮೇಲೆ ಕೂತೇ ಕೈಗಳನ್ನು ಬೀಸುವುದು, ಕಾಲು ಚಾಚಿ 5 ಸೆಕೆಂಡ್ ಬಿಗಿಹಿಡಿಯುವುದು ಮಾಡಬಹುದು.

ಸ್ನಾಯುವಿಗೆ ದಿನ ಬಿಟ್ಟು ದಿನ ಮೂರು ವ್ಯಾಯಾಮ ಸಾಕು. ಕುರ್ಚಿಯಿಂದ ಎದ್ದು ಕೂರುವುದು 10 ಸಲ, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು 10 ಸಲ, ಗೋಡೆಗೆ ಅಂಗೈ ಊರಿ ಎದೆಯನ್ನು ಗೋಡೆಯ ಹತ್ತಿರ ತಂದು ಹಿಂದೆ ಸರಿಯುವುದು 10 ಸಲ. ಇದನ್ನೇ ಎರಡು ಸುತ್ತು. ಕುರ್ಚಿಯ ವ್ಯಾಯಾಮದ ಬೆಲೆ ಆಪರೇಶನ್ ಆದ ಮರುದಿನ ಗೊತ್ತಾಗುತ್ತದೆ: ಮಂಚದಿಂದ, ಕಮೋಡ್‌ನಿಂದ ಏಳಲು ಬೇಕಾಗುವುದು ಇದೇ ಸ್ನಾಯು.

ಉಸಿರಿನ ವ್ಯಾಯಾಮವನ್ನು ಮಾತ್ರ ಯಾರೂ ಬಿಡಬಾರದು. ಹೊಟ್ಟೆ, ಎದೆಯ ಆಪರೇಶನ್ ಆದ ಮೇಲೆ ನೋವಿಗೆ ಹೆದರಿ ಆಳವಾಗಿ ಎಳೆಯದೆ ಮೇಲುಮೇಲೆ ಉಸಿರಾಡುತ್ತೇವೆ. ಶ್ವಾಸಕೋಶದ ತಳಭಾಗ ಮುಚ್ಚಿಕೊಂಡು ಅಲ್ಲಿ ಕಫ ನಿಂತು ನ್ಯುಮೋನಿಯಾ ಆಗುತ್ತದೆ. ಮೂರು ಚೆಂಡಿನ ಸ್ಪೈರೋಮೀಟರ್ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಆಪರೇಶನ್ ಆದ ಮೇಲೆ ಹೇಗೂ ಬರೆದುಕೊಡುತ್ತಾರೆ, ಈಗಲೇ ಕೊಳ್ಳಿ. ನೋವಿನ ನಡುವೆ ಹೊಸದಾಗಿ ಕಲಿಯುವುದು ಕಷ್ಟ. ಬಹುತೇಕರು ಅದರೊಳಕ್ಕೆ ಊದುತ್ತಾರೆ, ಅದು ತಪ್ಪು. ನೆಟ್ಟಗೆ ಕೂತು, ಉಸಿರನ್ನು ಪೂರ್ತಿ ಹೊರಬಿಟ್ಟು, ನಳಿಕೆಗೆ ತುಟಿ ಬಿಗಿದು, ನಿಧಾನವಾಗಿ ಒಳಕ್ಕೆ ಎಳೆಯಬೇಕು. ಮೂರೂ ಚೆಂಡು ರಪ್ಪನೆ ಹಾರಿ ಬೀಳುವುದಕ್ಕಿಂತ ಮೊದಲ ಚೆಂಡು, ಸಾಧ್ಯವಾದರೆ ಎರಡನೆಯದೂ, 3ರಿಂದ 5 ಸೆಕೆಂಡ್ ಮೇಲೆ ನಿಲ್ಲುವುದು ಮುಖ್ಯ. ಒಂದು ಸಲಕ್ಕೆ 10 ಉಸಿರು, ದಿನಕ್ಕೆ ನಾಲ್ಕೈದು ಸಲ. ತಲೆ ಸುತ್ತಿದರೆ ನಡುವೆ ನಿಲ್ಲಿಸಿ. ಆಪರೇಶನ್ ನಂತರ ಎಚ್ಚರವಿದ್ದಾಗ ಪ್ರತಿ ತಾಸಿಗೆ 10 ಉಸಿರು. ಜೊತೆಗೆ, ದಿಂಬನ್ನು ಹೊಟ್ಟೆಗೆ ಅಥವಾ ಎದೆಗೆ ಒತ್ತಿ ಹಿಡಿದು ಕೆಮ್ಮುವುದನ್ನು ಕಲಿಯಿರಿ. ದಿಂಬಿನ ಆಸರೆ ಇದ್ದರೆ ಹೊಲಿಗೆಯ ನೋವು ಕಡಿಮೆ, ಕಫ ಹೊರಬರುತ್ತದೆ.

ಮನಸ್ಸು

"ಹೆದರಬ್ಯಾಡ್ರಿ, ಏನೂ ಆಗೂದಿಲ್ಲ" ಎಂಬ ಮಾತಿನಿಂದ ಹೆದರಿಕೆ ಹೋಗುವುದಿಲ್ಲ, ಹೆದರಿದವರು ಬಾಯಿ ಮುಚ್ಚಿಕೊಳ್ಳುತ್ತಾರೆ ಅಷ್ಟೇ. ಭಯ ಇಳಿಯುವುದು ಗೊತ್ತಿಲ್ಲದ್ದು ಗೊತ್ತಾದಾಗ. ಒಂದು ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಬರೆದುಕೊಂಡು ಹೋಗಿ. ಎಚ್ಚರವಾದಾಗ ಎಲ್ಲಿರುತ್ತೇನೆ, ವಾರ್ಡಿನಲ್ಲೋ ಐಸಿಯುನಲ್ಲೋ? ಮೂಗಿಗೆ, ಮೂತ್ರಕ್ಕೆ, ಹೊಟ್ಟೆಗೆ ನಳಿಕೆ ಇರುತ್ತವೆಯೇ, ಎಷ್ಟು ದಿನ? ನೋವಿಗೆ ಏನು ಕೊಡುತ್ತೀರಿ, ಕೇಳಿದರೆ ಕೊಡುತ್ತೀರೋ ಹೊತ್ತಿಗೆ ಸರಿಯಾಗಿಯೋ? ಎಂದು ಎದ್ದು ನಡೆಯಬಹುದು? ಐಸಿಯುನಲ್ಲಿ ಕಣ್ಣು ಬಿಟ್ಟಾಗ ಬಾಯಲ್ಲಿ ನಳಿಕೆ ಇದ್ದು ಮಾತು ಬಾರದಿದ್ದರೆ ಗಾಬರಿಯಾಗುತ್ತದೆ. ಬೈಪಾಸ್ ಆದವರಿಗೆ ಇದು ಸಾಮಾನ್ಯ, ತಾತ್ಕಾಲಿಕ ಎಂದು ಮೊದಲೇ ತಿಳಿದವರು ಕೈಸನ್ನೆ ಮಾಡಿ ಸುಮ್ಮನಿರುತ್ತಾರೆ.

ಅರವಳಿಕೆಗೆಂದು ಬೆನ್ನಿಗೆ ಚುಚ್ಚಿದರೆ ಜೀವಮಾನವಿಡೀ ಬೆನ್ನು ನೋಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಸೂಜಿಯ ಜಾಗದಲ್ಲಿ ಕೆಲವು ದಿನ ನೋವಿರಬಹುದು, ಕೆಲವರಿಗೆ ತಲೆನೋವು ಬರಬಹುದು. ವರ್ಷಗಟ್ಟಲೆ ಬೆನ್ನುನೋವಿಗೆ ಆ ಸೂಜಿ ಕಾರಣವಲ್ಲ.

ಕಾಯಿಲೆಯ ಹೆಸರನ್ನು ರೋಗಿಯಿಂದ ಮುಚ್ಚಿಡುವ ಪದ್ಧತಿ ಬಿಡಬೇಕು. ಅಪ್ಪನಿಗೆ ಕ್ಯಾನ್ಸರ್ ಎಂದು ಹೇಳದೆ "ಗಂಟು ತಗೀತಾರ" ಎಂದಷ್ಟೇ ಹೇಳಿ ಕರೆದೊಯ್ದರೆ, ತಂಬಾಕು ಬಿಡಲು, ಉಸಿರಿನ ವ್ಯಾಯಾಮ ಮಾಡಲು ಅವರಿಗೆ ಕಾರಣವೇ ಇರುವುದಿಲ್ಲ. ಗುಸುಗುಸು ಮಾತ್ರ ಕಿವಿಗೆ ಬೀಳುತ್ತಿರುತ್ತದೆ.

ದಿನಕ್ಕೆ ಎರಡು ಸಲ ಹತ್ತು ನಿಮಿಷ ಕಣ್ಣು ಮುಚ್ಚಿ, ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ಜಪ, ವಚನ, ಭಜನೆ, ನಮಾಜು ರೂಢಿಯಲ್ಲಿದ್ದರೆ ಅದೇ ಲಯದಲ್ಲಿ ಸಾಗಲಿ. ರಾತ್ರಿ ನಿದ್ದೆ ಬರುತ್ತಿಲ್ಲವೆಂದು ಹೊಸದಾಗಿ ನಿದ್ದೆ ಮಾತ್ರೆ ಶುರುಮಾಡಬೇಡಿ, ಹಿರಿಯರಲ್ಲಿ ಅದು ಆಪರೇಶನ್ ನಂತರದ ಗೊಂದಲವನ್ನು ಹೆಚ್ಚಿಸುತ್ತದೆ. ಊಟ ಸೇರದೆ, ಅಳು ನಿಲ್ಲದೆ, ಬದುಕೇ ಬೇಡ ಅನಿಸುತ್ತಿದ್ದರೆ ಡಾಕ್ಟರಿಗೆ ಹೇಳಿ. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

65 ದಾಟಿದವರಿಗೆ ಇನ್ನೊಂದು ತಯಾರಿ. ಆಪರೇಶನ್ ಆದ ಎರಡು ಮೂರು ದಿನ ಅವರಿಗೆ ಹಗಲು ರಾತ್ರಿ ತಿಳಿಯದೆ, ಮನೆಯವರ ಗುರುತು ಸಿಗದೆ ಬಡಬಡಿಸುವುದುಂಟು. ಹುಚ್ಚಲ್ಲ, ದೆವ್ವವೂ ಅಲ್ಲ. ಕನ್ನಡಕ, ಕಿವಿಯ ಯಂತ್ರ, ಒಂದು ಕೈಗಡಿಯಾರ ಜೊತೆಗಿರಲಿ. ಪರಿಚಿತ ದನಿ ಒಂದು ಪಕ್ಕದಲ್ಲಿರಲಿ. ಒಂದೇ ದನಿ, ಇಡೀ ಊರಲ್ಲ. ಟ್ರ್ಯಾಕ್ಸ್ ಗಾಡಿ ಮಾಡಿಕೊಂಡು ನೋಡಲು ಬರುವವರಿಗೆ "ಮನೆಗೆ ಬಂದ ಮೇಲೆ ಬರ್ರಿ" ಎಂದು ಹೇಳುವ ಕೆಲಸವನ್ನು ಗಟ್ಟಿ ಮನಸ್ಸಿನ ಒಬ್ಬರಿಗೆ ಈಗಲೇ ವಹಿಸಿ. ಬಂದವರ ಕೆಮ್ಮು, ನೆಗಡಿಯೂ ಜೊತೆಗೇ ಬರುತ್ತದೆ.

ಮನೆ

ಭಾರತೀಯ ಶೌಚಾಲಯವಿದ್ದರೆ ಅದರ ಮೇಲಿಡುವ ಕಮೋಡ್ ಕುರ್ಚಿ ತರಿಸಿ. ಕೀಲು ಬದಲಾದವರು ಕುಕ್ಕರುಗಾಲಲ್ಲಿ, ನೆಲದ ಮೇಲೆ ಕೂರುವಂತಿಲ್ಲ. ಮಂಚ ಮೊಣಕಾಲಿನ ಎತ್ತರಕ್ಕಿಂತ ತಗ್ಗಿರಬಾರದು. ಮಾಳಿಗೆಯಲ್ಲಿ ಮಲಗುವವರ ಹಾಸಿಗೆ ಕೆಳಗೆ ಬರಲಿ. ಹೊಟ್ಟೆಯ ಆಪರೇಶನ್ ಆದವರು ಸುಮಾರು ಆರು ವಾರ 5 ಕಿಲೋಗಿಂತ ಹೆಚ್ಚು ಎತ್ತುವಂತಿಲ್ಲ. ತುಂಬಿದ ಕೊಡ ಅದಕ್ಕಿಂತ ಎಷ್ಟೋ ಭಾರ. ಆಪರೇಶನ್ ಆಗುವವರು ಮನೆಯ ಹೆಂಗಸೇ ಆಗಿದ್ದರೆ ನೀರು, ರೊಟ್ಟಿ, ಹೈನ ಯಾರು ಮಾಡುತ್ತಾರೆ ಎಂಬ ಪ್ರಶ್ನೆಗೆ ಹೆಸರು ಹಿಡಿದು ಉತ್ತರ ಸಿಗಬೇಕು. "ಹೆಂಗೋ ಆಗ್ತದ" ಎಂದರೆ ಎಂಟನೇ ದಿನಕ್ಕೆ ಆಕೆಯೇ ಒಲೆ ಮುಂದೆ ಇರುತ್ತಾಳೆ. ಒಂದು ವಾರ ಮೊದಲು ಖಡಕ್ ರೊಟ್ಟಿ ಮಾಡಿಸಿ ಅಥವಾ ಕೊಂಡು ಡಬ್ಬಿಗೆ ತುಂಬಿಟ್ಟರೆ ದಿನದ ಬಡಿತ ತಪ್ಪುತ್ತದೆ. ಬಿಸಿ ಬೇಳೆಯಲ್ಲಿ ನೆನೆಸಿದರೆ ರೋಗಿಗೂ ಆಗುತ್ತದೆ.

ಕೊನೆಯ ಮೂರು ದಿನ

ಜ್ವರ, ಕಫದ ಕೆಮ್ಮು, ಉರಿಮೂತ್ರ, ಆಪರೇಶನ್ ಆಗುವ ಭಾಗದಲ್ಲಿ ಹುಣ್ಣು ಅಥವಾ ಕುರು ಕಾಣಿಸಿದರೆ ಆಸ್ಪತ್ರೆಗೆ ಫೋನ್ ಮಾಡಿ. ಮುಚ್ಚಿಟ್ಟು ಹೋಗಬೇಡಿ.

ಕೂದಲು ತೆಗೆಯಲು ಮನೆಯಲ್ಲಿ ಬ್ಲೇಡ್ ಹಚ್ಚಬೇಡಿ. ಕಣ್ಣಿಗೆ ಕಾಣದ ಗೀರುಗಳಲ್ಲಿ ರೋಗಾಣು ಬೆಳೆಯುತ್ತವೆ. ತೆಗೆಯಬೇಕಿದ್ದರೆ ಆಸ್ಪತ್ರೆಯಲ್ಲಿ ಯಂತ್ರದಿಂದ ಕತ್ತರಿಸುತ್ತಾರೆ. ಹಿಂದಿನ ರಾತ್ರಿ ಮತ್ತು ಬೆಳಿಗ್ಗೆ ಸಾಬೂನು ಹಚ್ಚಿ ಸ್ನಾನ, ಒಗೆದ ಬಟ್ಟೆ. ಎಣ್ಣೆ, ಪೌಡರ್ ಬೇಡ. ಉಗುರಿನ ಬಣ್ಣ ತೆಗೆಯಿರಿ, ಬೆರಳಿಗೆ ಹಾಕುವ ಆಮ್ಲಜನಕದ ಕ್ಲಿಪ್ ಅದರಿಂದ ತಪ್ಪು ಓದಬಹುದು. ಬಳೆ, ಮೂಗುತಿ, ಕಾಲುಂಗುರ, ತಾಳಿ, ಬೆಳ್ಳಿಯ ಉಡದಾರ ಎಲ್ಲ ಮನೆಯಲ್ಲೇ ಬಿಚ್ಚಿ. ರಕ್ತಸ್ರಾವ ನಿಲ್ಲಿಸಲು ರಕ್ತನಾಳ ಸುಡುವ ಯಂತ್ರದ ವಿದ್ಯುತ್ತು ಲೋಹದ ಮೂಲಕ ಹರಿದು ಚರ್ಮ ಸುಡುವ ಸಂಭವವಿದೆ, ಕೈ ಬಾತರೆ ಉಂಗುರವು ಬೆರಳಿಗೆ ಬಿಗಿದು ರಕ್ತ ತಡೆಯುತ್ತದೆ. ತಾಳಿ ತೆಗೆಯಲು ಮನಸ್ಸು ಒಪ್ಪದವರು ಅರಿಶಿನ ದಾರ ಕಟ್ಟಿಕೊಳ್ಳಬಹುದೇ, ಇಷ್ಟಲಿಂಗ ಧರಿಸುವವರು ಅದನ್ನು ಎಲ್ಲಿ, ಹೇಗೆ ಇಟ್ಟುಕೊಳ್ಳಬಹುದು ಎಂದು ಹಿಂದಿನ ದಿನವೇ ಸಿಸ್ಟರ್ ಹತ್ತಿರ ಮಾತಾಡಿ. ಥಿಯೇಟರ್ ಬಾಗಿಲಲ್ಲಿ ಈ ಚರ್ಚೆ ಎದ್ದರೆ ರೋಗಿಯ ಮನಸ್ಸು ಕದಡುತ್ತದೆ.

ಉಪವಾಸದ ಲೆಕ್ಕ ತಪ್ಪುವವರು ಬಹಳ. ಗಟ್ಟಿ ಊಟ, ಹಾಲು, ಹಾಲು ಹಾಕಿದ ಚಹಾ, ಮಜ್ಜಿಗೆ ಇವೆಲ್ಲ ಅರವಳಿಕೆಗೆ 6 ತಾಸು ಮೊದಲು ನಿಲ್ಲಬೇಕು. ಕರಿದದ್ದು, ಮಾಂಸದೂಟ ಆಗಿದ್ದರೆ 8 ತಾಸು. ನೀರು, ಹಾಲಿಲ್ಲದ ಚಹಾದಂಥ ತಿಳಿ ಪಾನೀಯ 2 ತಾಸು ಮೊದಲಿನವರೆಗೂ ಕುಡಿಯಬಹುದು ಎಂಬುದು ಇಂದಿನ ಅರವಳಿಕೆ ನಿಯಮ. ಹೊಟ್ಟೆಯಲ್ಲಿ ಆಹಾರವಿದ್ದರೆ ಪ್ರಜ್ಞೆ ತಪ್ಪಿದಾಗ ಅದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ, ಉಪವಾಸ ಅದಕ್ಕಾಗಿ. ಎಲೆ ಅಡಕೆ, ತಂಬಾಕು ಅಗಿಯುವುದೂ ಬೇಡ. ಇತ್ತ ರಾತ್ರಿ ಎಂಟಕ್ಕೆ ಉಂಡವರು ಮರುದಿನ ಮಧ್ಯಾಹ್ನ ಎರಡರವರೆಗೆ ಹನಿ ನೀರಿಲ್ಲದೆ ಕೂರುವುದೂ ಅಷ್ಟೇ ತಪ್ಪು. ಬಾಯಿ ಒಣಗಿ, ತಲೆನೋವು, ವಾಂತಿ ಹೆಚ್ಚುತ್ತದೆ, ಶುಗರ್ ಏರುಪೇರಾಗುತ್ತದೆ. 1990ರ ದಶಕದಲ್ಲಿ ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಲೆಟ್ ಕರುಳಿನ ಆಪರೇಶನ್ ಆದವರಿಗೆ ನೋವನ್ನು ಚೆನ್ನಾಗಿ ಹತೋಟಿಯಲ್ಲಿಟ್ಟು, ಬೇಗ ಊಟ ಕೊಟ್ಟು, ಬೇಗ ನಡೆಸಿ ಕೆಲವೇ ದಿನದಲ್ಲಿ ಮನೆಗೆ ಕಳಿಸಬಹುದೆಂದು ತೋರಿಸಿದರು. ಉದ್ದನೆಯ ಉಪವಾಸ ಬೇಕೇ ಎಂಬ ಪ್ರಶ್ನೆ ಆಪರೇಶನ್ ವಾರ್ಡುಗಳಲ್ಲಿ ಗಟ್ಟಿಯಾದದ್ದು ಆ ದಾರಿಯಲ್ಲೇ. ಹಾಗಾಗಿ ಹಿಂದಿನ ಸಂಜೆ ಕೇಳಿ: "ನನ್ನ ನಂಬರ್ ಎಷ್ಟನೇದ್ರಿ? ಎಷ್ಟು ಗಂಟೆತನಕ ನೀರು ಕುಡೀಬಹುದ್ರಿ?" ಅವರು ಹೇಳಿದ್ದೇ ಕೊನೆ ಮಾತು. ಶುಗರ್, ಆಮ್ಲಪಿತ್ತ, ಕರುಳಿನ ಅಡಚಣೆ ಇದ್ದವರಿಗೆ ನಿಯಮ ಬೇರೆ ಇರಬಹುದು.

ಕೊನೆಯ ಗಳಿಗೆಯಲ್ಲಿ ಆಪರೇಶನ್ ಮುಂದಕ್ಕೆ ಹೋಗುವುದೂ ಉಂಟು. ಎಮರ್ಜೆನ್ಸಿ ಕೇಸ್ ಬಂದಿರುತ್ತದೆ, ಐಸಿಯುನಲ್ಲಿ ಮಂಚ ಖಾಲಿ ಇರುವುದಿಲ್ಲ. ಆಗ ಮನೆಗೆ ಹೊರಡುವ ಮೊದಲು ಮೂರು ವಿಷಯ ಬರೆಸಿಕೊಳ್ಳಿ: ಹೊಸ ತಾರೀಖು, ನಿಲ್ಲಿಸಿದ ರಕ್ತ ತೆಳುವಾಗುವ ಮಾತ್ರೆ ಮತ್ತೆ ಶುರುಮಾಡಬೇಕೇ, ಶುಗರ್ ಮಾತ್ರೆ ಇಂದಿನಿಂದ ಹೇಗೆ. ಆ ದಿನವೇ ಊಟ ಮಾಡಿ, ಮರುದಿನ ಬೆಳಿಗ್ಗೆ ನಡಿಗೆಗೆ ಹೊರಡಿ. ಸ್ಪೈರೋಮೀಟರ್ ಚೀಲದಿಂದ ಹೊರಗೇ ಇರಲಿ.